ಬಾಗಿಲು ತಡೆಯುವ ಗುಂಡಿ

“ಈ ಹಲಗೆ ಇರೋದು ಅಗತ್ಯಕ್ಕೆ, ಜಗಳಕ್ಕಲ್ಲ” ಎಂದು ಒಂದೇ ಸಾಲು ಬರೆದು ಮೇಸ್ತ್ರಿ ಅವಳ ಕೋರಿಕೆಯನ್ನು ಮುಚ್ಚಿಬಿಟ್ಟಿದ್ದ.

ಅವಳು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದಳು. ಒರೆಸಿದ ಮೇಲೂ ಸಾಲು ಹಾಗೇ ಇತ್ತು.

ಅವನು ಇಟ್ಟಿಗೆ ಗಾರೆಯ ಮೇಸ್ತ್ರಿಯಲ್ಲ. ಲಿಫ್ಟ್ ಕಂಪನಿಯಲ್ಲಿ ಲಿಫ್ಟು ಎಲ್ಲಿ ನಿಲ್ಲಬೇಕು, ಬಾಗಿಲು ಯಾವಾಗ ತೆರೆಯಬೇಕು ಎಂಬ ಪ್ರೋಗ್ರಾಮ್ ಬರೆಯುವವನು. ಸಂಜೆಯ ಹೊತ್ತು ಮಾತು ಹೋದವರಿಗಾಗಿ ಒಂದು ಆ್ಯಪ್ ಕಟ್ಟುತ್ತಿದ್ದ. ಅದಕ್ಕೆ ‘ಹಲಗೆ’ ಎಂದು ಹೆಸರು. ಟ್ಯಾಬಿನ ಪರದೆಯ ತುಂಬ ಚಿತ್ರದ ಗುಂಡಿಗಳು: ನೀರು, ನೋವು, ಹಸಿವು, ಮಗ್ಗುಲು ಬದಲಿಸಿ. ಒತ್ತಿದರೆ ಗಟ್ಟಿಯಾಗಿ ಹೇಳುತ್ತದೆ. ಕೆಳಗೆ ಅಕ್ಷರಗಳಿವೆ, ಬೇಕಾದ ಮಾತನ್ನು ಬರೆದೂ ಹೇಳಿಸಬಹುದು. ಓಪನ್ ಸೋರ್ಸ್ ಅನ್ನುತ್ತಾರಲ್ಲ, ಅದೇ. ಒಳಗಿನದೆಲ್ಲ ಎಲ್ಲರ ಕಣ್ಣೆದುರಿಗೇ ಬಿಚ್ಚಿಟ್ಟಿದೆ. ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ತಿದ್ದಿದ್ದನ್ನು ತಂದುಕೊಡಬಹುದು. ಸೇರಿಸಬೇಕೋ ಬೇಡವೋ ಎಂಬ ಕೊನೆಯ ಮಾತು ಮಾತ್ರ ಅವನದು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಮೇಸ್ತ್ರಿ.

ಅವಳಿಗೆ ಅಲ್ಲಿದ್ದ ಹೆಸರು ‘ಸೂಜಿ’. ಹಗಲು ಪ್ರೆಸ್ಸಿನಲ್ಲಿ ಔಷಧಿ ಡಬ್ಬಿಗಳ ಮೇಲಿನ ಅಕ್ಷರ, ಬಣ್ಣ ಜೋಡಿಸುವ ಕೆಲಸ. ಕಣ್ಣು ಮಂಜಾದವರಿಗೂ ಯಾವುದು ಮೈಗೆ ಹಚ್ಚುವುದು, ಯಾವುದು ಬಾಯಿಗೆ ಹಾಕುವುದು ಎಂದು ತಟ್ಟನೆ ತಿಳಿಯಬೇಕು. ಆ ಕಣ್ಣಿನಿಂದಲೇ ಅವಳು ಹಲಗೆಯನ್ನೂ ನೋಡಿ ಚುಚ್ಚುತ್ತಿದ್ದಳು. ಈ ಕೆಂಪು ಸಾಲದು. ಇದು ನೀರಿನ ಲೋಟವೋ ಹೂದಾನಿಯೋ. ನಡುಗುವ ಬೆರಳಿಗೆ ಈ ಗುಂಡಿ ತೀರ ಸಣ್ಣದು.

ಈ ಸಲ ಅವಳು ಕೇಳಿದ್ದು ಒಂದು ಹೊಸ ಗುಂಡಿ. ಹೆಬ್ಬೆರಳಿಗೆ ಸಿಗುವ ಜಾಗದಲ್ಲಿ, ನೋವಿನ ಗುಂಡಿಯ ಪಕ್ಕ, ದೊಡ್ಡದಾಗಿ. ಬಣ್ಣ ಹಾಕಿ ಚಿತ್ರವನ್ನೂ ಬರೆದು ಕಳಿಸಿದ್ದಳು. ಒತ್ತಿದರೆ “ತಡೀರಿ, ನಾನು ಹೇಳ್ತಿದ್ದೀನಿ” ಅನ್ನಬೇಕು, ಅಷ್ಟೇ.

“ನಿಮ್ಮ ಲಿಫ್ಟಲ್ಲಿ ಬಾಗಿಲು ತಡೆಯೋ ಗುಂಡಿ ಇರುತ್ತಲ್ಲ, ಯಾಕೆ?” ಎಂದು ಬರೆದಳು.

“ನಿಧಾನವಾಗಿ ಬರೋರಿಗೆ.”

“ಮಾತಿಗೂ ಬಾಗಿಲಿದೆ ಮೇಸ್ತ್ರಿಗಳೇ. ನಾಲ್ಕು ಜನ ಕೂತ ಕಡೆ ಅದು ಟಪ್ಪಂತ ಮುಚ್ಕೊಳ್ಳುತ್ತೆ. ಬೆರಳಲ್ಲಿ ಮಾತಾಡೋರು ಹೊಸ್ತಿಲಲ್ಲೇ ನಿಂತಿರ್ತಾರೆ.”

“ಚೆನ್ನಾಗಿ ಬರೀತೀರಿ. ಆದ್ರೂ ಬೇಡ. ಪರದೆ ಚಿಕ್ಕದು. ನೋವು ಅಂತ ಹೇಳಬೇಕಾದವರ ಜಾಗ ಕಿತ್ತು ಜಗಳ ಆಡೋರಿಗೆ ಕೊಡೋಕಾಗಲ್ಲ.”

“ಹುಷಾರಿಲ್ಲದೋರು ಜಗಳ ಆಡಬಾರದು ಅಂತ ಯಾವ ಡಾಕ್ಟರು ಹೇಳಿದ್ರು?”

“ನಿಮಗೆ ಆ ಡಾಕ್ಟರು ಸಿಗಲಿಲ್ಲ ಅನ್ನೋದು ಮಾತ್ರ ಗೊತ್ತಾಗ್ತಿದೆ.”

ಅವಳ ತುಟಿ ತಾನಾಗಿಯೇ ಅರಳಿತು. ಸುತ್ತ ಯಾರೂ ಇಲ್ಲದಿದ್ದರೂ ಕೈ ಅಡ್ಡ ಹಿಡಿದಳು.

ಇದು ಹೀಗೇ ನಡೆದುಕೊಂಡು ಬಂದಿತ್ತು. ಪ್ರೆಸ್ಸಿನಿಂದ ಬಂದು ಕೈಕಾಲು ತೊಳೆದು ಕಿಟಕಿಯ ಬಳಿ ಕೂತರೆ, ಅವಳು ಮೊದಲು ನೋಡುತ್ತಿದ್ದುದು ಅವನ ಹೆಸರಿನ ಪಕ್ಕದ ಹಸಿರು ಚುಕ್ಕಿಯನ್ನು. ಅದು ಹೊತ್ತಿದ್ದರೆ ಅವನು ಕೂತಿದ್ದಾನೆ ಎಂದರ್ಥ. ಹೊತ್ತಿಲ್ಲದಿದ್ದರೆ ಯಾವುದೋ ಕಟ್ಟಡದ ಲಿಫ್ಟು ಕೆಟ್ಟಿದೆ ಎಂದುಕೊಂಡು, ಆ ಕಟ್ಟಡವನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದಳು.

ಅವನು ಕೆಲವು ಸಲ ಕೇಳಿದ್ದುಂಟು: “ಒಂದು ಫೋನ್ ಮಾಡಿದ್ರೆ ಇದೆಲ್ಲ ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯುತ್ತೆ. ಮಾಡ್ಲಾ?”

“ನಾನು ಫೋನಲ್ಲಿ ಮಾತಾಡಲ್ಲ.”

“ಅಬ್ಬ, ಏನು ಗತ್ತು.”

ಗತ್ತೇ ಅಂದುಕೊಳ್ಳಲಿ ಎಂದು ಅವಳು ಸುಮ್ಮನಾಗುತ್ತಿದ್ದಳು. ಅವಳ ಕೊರಳಿನಲ್ಲಿ ದನಿಯೇ ಇರಲಿಲ್ಲ. ಗಂಟಲಲ್ಲಿ ಗಡ್ಡೆಯಾಗಿ, ಅದನ್ನು ತೆಗೆಯುವಾಗ ಡಾಕ್ಟರರು ದನಿಪೆಟ್ಟಿಗೆಯನ್ನೂ ತೆಗೆದಿದ್ದರು. ಅಂದಿನಿಂದ ಕೊರಳಿಗೊಂದು ಹತ್ತಿಯ ಸ್ಕಾರ್ಫು, ಕೈಯಲ್ಲೊಂದು ಟ್ಯಾಬು. ಅವನ ಹಲಗೆಯನ್ನು ತಿದ್ದುವವಳು ಅದರಲ್ಲೇ ಮಾತಾಡಿ ಬದುಕುತ್ತಿದ್ದಳು. ಇದೊಂದು ಅವನಿಗೆ ಗೊತ್ತಿರಲಿಲ್ಲ.

ಹೊಸ ಆವೃತ್ತಿ ಹೊರಬರುವ ಮೊದಲು ಹಲಗೆಯ ಕೆಲಸಗಾರರೆಲ್ಲ ಒಂದು ಕಡೆ ಸೇರುವುದು ವಾಡಿಕೆ. ಈ ಸಲ ಅವನ ಊರಿನ ಗ್ರಂಥಾಲಯದ ಮೇಲ್ಮಹಡಿಯಲ್ಲಿ ಎಂದು ಗೊತ್ತಾಯಿತು. ಮುಚ್ಚಿದ ಕೋರಿಕೆಯನ್ನು ಅಲ್ಲಿ ಮತ್ತೆ ಎತ್ತಬಹುದು. ಅಲ್ಲೂ ಆಗದಿದ್ದರೆ ಇಡೀ ಹಲಗೆಯನ್ನು ನಕಲು ಮಾಡಿಕೊಂಡು ಬೇರೆ ಹೋಗುವುದು. ಆ ಲೋಕದಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡ ಹಾಗೆ. ಆದರೆ ಇಲ್ಲಿ ಪಾಲಾದ ಮೇಲೂ ಇಬ್ಬರಿಗೂ ಇಡೀ ಮನೆಯೇ ಸಿಗುತ್ತದೆ. ಸಿಗದೆ ಹೋಗುವುದು ಇನ್ನೊಬ್ಬರು ಮಾತ್ರ.

“ಹೋಗು ಅಕ್ಕ” ಎಂದಳು ತಂಗಿ. ಅವಳಿದ್ದದ್ದು ತಂಗಿಯ ಮನೆಯಲ್ಲಿ. “ಅಲ್ಲ, ಮೊದಲೇ ಹೇಳಿಬಿಡು ಅವರಿಗೆ. ದನಿ ಇಲ್ಲ ಅಂತ.”

ಅವಳು ಟ್ಯಾಬು ಎತ್ತಿಕೊಂಡಳು. ತಂಗಿ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಹೇಳಿದ ದಿನದಿಂದ” ಎಂದು ಬರೆಯುವಷ್ಟರಲ್ಲೇ, “ಮರುಕ ಪಡ್ತಾರೆ ಅಂತಾನಾ? ಪಟ್ರೆ ಪಡಲಿ ಬಿಡು” ಎಂದಳು.

ತಂಗಿಯದು ಹತ್ತಿಯಂಥ ಮನಸ್ಸು. ಆದರೆ ಅಕ್ಕನ ವಾಕ್ಯ ಪೂರ್ತಿಯಾಗಲು ಎಂದೂ ಬಿಟ್ಟವಳಲ್ಲ. ಅವಳು ಎಲ್ಲವನ್ನೂ ಅಳಿಸಿ, ತಂಗಿ ಅತ್ತ ಹೋದ ಮೇಲೆ, ಮತ್ತೆ ಬರೆದು ಅಡುಗೆಮನೆಗೆ ಕೇಳುವ ಹಾಗೆ ಒತ್ತಿದಳು.

“ಹೇಳಿದ ದಿನದಿಂದ ಅವರು ನನ್ನ ಜೊತೆ ಜಗಳ ಆಡಲ್ಲ.”

ತಂಗಿ ಒಲೆಯ ಉರಿ ಸಣ್ಣ ಮಾಡಿದಳು. “ಓ, ಅಲ್ಲಿಗೆ ಬಂತಾ” ಎಂದಳು.

*

ಗ್ರಂಥಾಲಯದ ಬಾಗಿಲಲ್ಲಿ ಅವನೇ ಕುರ್ಚಿ ಹೊರುತ್ತಿದ್ದ. ಎರಡು ಕೈಯಲ್ಲೂ ಕುರ್ಚಿ, ಅಂಗಿಯ ತೋಳು ಒಂದು ಮಡಚಿದ್ದು, ಒಂದು ಮಡಚದ್ದು. ಕಿವಿಯ ಪಕ್ಕ ನರೆ. ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಏರಿಸಲು ಕೈ ಬಿಡುವಿಲ್ಲದೆ ಗಲ್ಲ ಎತ್ತಿ ನೋಡಿದ.

“ಪ್ರೆಸ್ಸಿನವರು? ಸೂಜಿ ಅಂದ್ರೆ ನೀವೇನಾ?”

ಅವಳು ಹೌದೆಂದು ತಲೆ ಆಡಿಸಿದಳು.

ಅವನ ಮುಖ ಬೆಳಕಾಯಿತು. ಎಷ್ಟೋ ಸಂಜೆ ಅವಳು ಊಹಿಸಿಕೊಂಡ ನಗುವಿಗಿಂತ ಅದು ಸ್ವಲ್ಪ ಸೊಟ್ಟಗಿತ್ತು, ಅದಕ್ಕೇ ಹೆಚ್ಚು ಚೆನ್ನಾಗಿತ್ತು. “ಬರೀ ತಲೆ ಆಡಿಸ್ತೀರಾ? ಫೋನಲ್ಲೂ ಮಾತಿಲ್ಲ, ಎದುರಿಗೂ ಇಲ್ಲ. ಗತ್ತು ಮಾತ್ರ ಬರೆದಿದ್ದಕ್ಕಿಂತ ಜಾಸ್ತೀನೇ ಇದೆ.”

ಬಸ್ಸಿನಲ್ಲಿ ಬರುವಾಗಲೇ ಅವಳು ಒಂದು ವಾಕ್ಯವನ್ನು ಸಿದ್ಧ ಮಾಡಿ ಇಟ್ಟುಕೊಂಡಿದ್ದಳು. ಚೀಲದಿಂದ ಟ್ಯಾಬು ತೆಗೆದು ಒತ್ತಿದಳು.

“ಜಗಳಕ್ಕೆ ಬಂದಿದ್ದೀನಿ.”

ಅವನು ಬೆಚ್ಚಿದ. ತುಟಿಯ ಮೇಲಿದ್ದ ನಗು ಅಲ್ಲೇ ಇತ್ತು, ಅದನ್ನು ಹೊತ್ತ ಮುಖ ಮಾತ್ರ ಬೇರೆಯಾಯಿತು. ಕಣ್ಣು ಟ್ಯಾಬಿನಿಂದ ಸ್ಕಾರ್ಫಿಗೆ ಏರಿತು, ಅಲ್ಲಿ ನಿಂತಿತು, ಕೆಳಗಿಳಿಯಿತು.

ಅಷ್ಟರಲ್ಲಿ ಒಳಗೆ ಚಹಾ ಬಗ್ಗಿಸುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ಕೆಟಲ್ ಹಿಡಿದೇ ಹೊರಗೆ ಬಂದಳು. “ಇದೇನು, ನಾನು ಒಳಗಿದ್ದೀನಿ, ಹೊರಗೆ ಯಾರೋ ನಾನಾಗಿ ಮಾತಾಡ್ತಿದ್ದಾರೆ?”

ಅವಳು ಅವನ ಅಕ್ಕ. ಹಲಗೆಗೆ ಇದ್ದದ್ದು ಒಂದೇ ದನಿ, ಈ ಅಕ್ಕನದು. ಪ್ರತಿಧ್ವನಿ ಬರಬಾರದೆಂದು ಬಟ್ಟೆಯ ಬೀರುವಿನೊಳಗೆ ರಜಾಯಿ ಹೊದ್ದು ಕೂತು ಪದಗಳನ್ನೆಲ್ಲ ಹೇಳಿದ್ದಳಂತೆ. ಗಂಡಸಾಗಲಿ ಹೆಂಗಸಾಗಲಿ, ಹಲಗೆ ಹಿಡಿದವರೆಲ್ಲ ಅಕ್ಕನ ದನಿಯಲ್ಲೇ ಮಾತಾಡುತ್ತಿದ್ದರು.

“ನೀನೇನಾ ಇವನಿಗೆ ದಿನಾ ಸಂಜೆ ಚುಚ್ಚೋಳು?” ಎಂದು ಅಕ್ಕ ಅವಳ ಕೈ ಹಿಡಿದುಕೊಂಡಳು. “ನನ್ನ ದನೀಲೇ ಇವನನ್ನ ಬೈ ತಾಯಿ. ನನಗೆ ಅಷ್ಟು ಕೆಲಸ ಉಳೀತು.”

ಅವಳು ನಕ್ಕಳು. ಆದರೆ ಅವನು ನಗಲಿಲ್ಲ. ಒಳ್ಳೆಯ ಕುರ್ಚಿಯೊಂದನ್ನು ಆರಿಸಿ ಅವಳ ಹಿಂದೆ ಇಟ್ಟ.

“ಕೂತ್ಕೊಳ್ಳಿ. ನಿಧಾನ. ದಣಿವಾಯ್ತಾ? ಬಿಸಿಲಲ್ಲಿ ಬಂದ್ರಾ?” ಎಂದ. ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ, ಮಕ್ಕಳಿಗೆ ಹೇಳುವ ಹಾಗೆ.

ಅವಳ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅವಳು ಹೆದರಿದ್ದು ಇದಕ್ಕೇ. ‘ಏನು ಗತ್ತು’ ಎಂದವನು ಬಾಗಿಲಲ್ಲೇ ಉಳಿದುಬಿಟ್ಟ. ಒಳಗೆ ಬಂದವನು ಒಬ್ಬ ಒಳ್ಳೆಯ ಮನುಷ್ಯ, ಅಷ್ಟೇ.

*

ಅವಳ ಸರದಿ ಬಂತು. ಎಲ್ಲರೂ ಅವಳತ್ತ ತಿರುಗಿ, ತೊಟ್ಟಿಲು ನೋಡುವವರ ಹಾಗೆ ಮುಖ ಮೆತ್ತಗೆ ಮಾಡಿಕೊಂಡು ಕೂತರು.

ಹೊಸ ಆವೃತ್ತಿಯಲ್ಲಿ ಮೇಸ್ತ್ರಿ ತಾನೇ ಕೂತು ಬರೆದ ಒಂದು ಸೌಕರ್ಯವಿತ್ತು. ಅದರ ಹೆಸರು ‘ಊಹೆ’. ಬರೆಯುವ ಬೆರಳು ಸ್ವಲ್ಪ ತಡೆದರೆ ಸಾಕು, ಮುಂದಿನ ಮಾತನ್ನು ಅದೇ ಊಹಿಸಿ ಹೇಳಿಬಿಡುವುದು. ಹೆಚ್ಚು ಜನ ಯಾವುದನ್ನು ಹೆಚ್ಚು ಸಲ ಹೇಳಿದ್ದಾರೋ ಅದೇ ಅದರ ಊಹೆ. ಬೆರಳಿಗೆ ಶ್ರಮ ಆಗಬಾರದು ಎಂಬ ಕಕ್ಕುಲತೆಯಿಂದ ಮಾಡಿದ್ದು. ಎಲ್ಲರೂ ಹಾಕಿಕೊಂಡು ಬನ್ನಿ ಎಂದಿದ್ದ. ಅವಳೂ ಬೆಳಿಗ್ಗೆ ಹಾಕಿಕೊಂಡಿದ್ದಳು.

‘ನನಗೆ ಈ ಗುಂಡಿ ಯಾಕೆ ಬೇಕು ಅಂದ್ರೆ’ ಎಂದು ಶುರು ಮಾಡೋಣವೆಂದು ‘ನನಗೆ’ ಎಂದು ಬರೆದು, ತಲೆ ಎತ್ತಿ ಅವನನ್ನು ನೋಡಿದಳು. ಅಷ್ಟು ಹೊತ್ತು ತಡೆದದ್ದೇ ಸಾಕಾಯಿತು.

“ನನಗೆ ನೀರು ಬೇಕು” ಎಂದಿತು ಹಲಗೆ.

ಮೂಲೆಯಲ್ಲಿದ್ದವರು ಎದ್ದು ಓಡಿ ಲೋಟ ತಂದಿಟ್ಟರು. ಅವಳು ಬೇಡವೆಂದು ಕೈ ಆಡಿಸಿ, ಅಳಿಸಿ, ಮತ್ತೆ ಬರೆದಳು. ಗಾಬರಿಯಲ್ಲಿ ಬೆರಳು ಇನ್ನೂ ನಿಧಾನವಾಯಿತು.

“ನನಗೆ ನೀರು ಬೇಕು.”

ಇನ್ನೊಂದು ಲೋಟ ಬಂತು. ಯಾರೋ, “ತಣ್ಣಗಿರೋದು ಆಗಲ್ವೇನೋ, ಬಿಸಿ ತರಲಾ?” ಎಂದರು. ಬಿಸಿಯದೂ ಬಂತು. ಅವಳ ಮುಂದೆ ಲೋಟಗಳು ಸಾಲಾಗಿ ನಿಂತವು. ಅವಳು ಪ್ರತಿಸಲ ತಲೆ ಎತ್ತಿದಾಗಲೂ ಯಾರಾದರೊಬ್ಬರು ಕುಡಿಯಿರಿ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ಯಾರ ಕಣ್ಣಿನಲ್ಲೂ ಕೆಟ್ಟದ್ದಿರಲಿಲ್ಲ. ಆಮೇಲೆ ಪಕ್ಕದವರು ಪಕ್ಕದವರೊಡನೆ ಪಿಸುಗುಟ್ಟತೊಡಗಿದರು. ಮಾತಿನ ಬಾಗಿಲು ಮುಚ್ಚಿಕೊಳ್ಳುವುದನ್ನು ಅವಳು ಕೂತಲ್ಲಿಂದ ನೋಡಿದಳು.

ಆಗ ಮೇಸ್ತ್ರಿ ಎದ್ದು ನಿಂತ. “ಅವರು ಹೇಳ್ಬೇಕು ಅಂತಿರೋದು ಇಷ್ಟೇ” ಎಂದು ಅವಳ ವಾದವನ್ನೆಲ್ಲ ತಾನೇ ಹೇಳಿದ. ಲಿಫ್ಟಿನ ಬಾಗಿಲು, ಹೊಸ್ತಿಲು, ಎಲ್ಲವನ್ನೂ. ಅವಳಿಗಿಂತ ಚೆನ್ನಾಗಿಯೇ ಹೇಳಿದ. ಕೊನೆಗೆ, “ಸೇರಿಸೋಣ. ನನ್ನದೇನೂ ತಕರಾರಿಲ್ಲ. ಪಾಪ, ಅಷ್ಟು ದೂರದಿಂದ ಬಂದಿದ್ದಾರೆ” ಎಂದ.

ಸಭೆ ಚಪ್ಪಾಳೆ ತಟ್ಟಿತು.

ಅವಳು ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು, ಲೋಟಗಳಿಗೆ ತಾಗದ ಹಾಗೆ ಹುಷಾರಾಗಿ ಎದ್ದು, ಹೊರಗೆ ನಡೆದಳು.

*

ಓಣಿಯ ಕೊನೆಯಲ್ಲಿ ಲಿಫ್ಟು, ಪಕ್ಕದಲ್ಲಿ ಕಿಟಕಿ. ಅವಳು ಕಿಟಕಿಗೆ ಆತು ನಿಂತು ಮೊದಲು ಸೆಟ್ಟಿಂಗಿಗೆ ಹೋಗಿ ‘ಊಹೆ’ಯನ್ನು ತೆಗೆದುಹಾಕಿದಳು. ಆಮೇಲೆ ಅಳು ಬಂತು. ದನಿಯಿಲ್ಲದ ಅಳು ಬರಿಯ ಉಸಿರು, ಪಕ್ಕದಲ್ಲಿದ್ದವರಿಗೂ ಕೇಳುವುದಿಲ್ಲ. ಆದರೆ ಅಕ್ಕ ಹಿಂದೆಯೇ ಬಂದಿದ್ದಳು. ಹತ್ತಿರ ಬಂದು ನಿಂತಳೇ ಹೊರತು ಏನೂ ತರಲಿಲ್ಲ, ಏನೂ ಕೇಳಲಿಲ್ಲ.

ಕಣ್ಣೀರು ಒರೆಸಿಕೊಂಡು ಅವಳು ಬರೆದಳು. “ನಾನು ಗೆಲ್ಲೋಕೆ ಬಂದಿದ್ದೆ. ಅವರು ಬಿಟ್ಟುಕೊಟ್ಟರು.”

“ಹೂಂ” ಎಂದಳು ಅಕ್ಕ. ತನ್ನದೇ ದನಿಯಲ್ಲಿ ಅಷ್ಟು ಬೇಸರದ ಮಾತು ಕೇಳಿ ಅವಳ ಮುಖವೂ ಬಾಡಿತು. “ಅವನಿಗೆ ಓಡೋದು ಒಂದೇ ಗೊತ್ತು ಕಣೆ. ಈ ಹಲಗೆ ಕಟ್ಟಿದ್ದು ಅಪ್ಪನಿಗೆ. ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು. ಅಪ್ಪ ದಿನಾ ನೀರಿನ ಗುಂಡೀನೇ ಒತ್ತೋರು. ನನ್ನ ದನೀಲಿ, ನೀರು, ನೀರು. ಇವನು ಎಲ್ಲಿದ್ರೂ ಲೋಟ ಹಿಡ್ಕೊಂಡು ಓಡಿ ಬರೋನು. ಅಪ್ಪ ಲೋಟ ತಳ್ಳೋರು. ಇವನು ವಾಪಸು ಹೋದ ತಕ್ಷಣ ಮತ್ತೆ, ನೀರು. ಬುದ್ಧಿ ಮಂಕಾಗಿದೆ ಅಂದ ಇವನು. ಕೊನೇವರೆಗೂ ಹಾಗೇ ಅಂದ್ಕೊಂಡ.”

ಕಿಟಕಿಯಾಚೆ ಯಾರೋ ಸೈಕಲ್ ನಿಲ್ಲಿಸುತ್ತಿದ್ದರು. ಅಕ್ಕ ಅತ್ತ ನೋಡುತ್ತ ಹೇಳಿದಳು.

“ಅಪ್ಪನಿಗೆ ಬೇಕಾಗಿದ್ದು ನೀರಲ್ಲ. ಇವನು. ಬಂದು ಕೂತ್ಕೊಳ್ಳಲಿ ಅಂತ. ಹಾಗನ್ನೋಕೆ ಆ ಪರದೇಲಿ ಗುಂಡಿ ಇರಲಿಲ್ಲ. ಇದ್ದದ್ದರಲ್ಲಿ ಯಾವುದು ಒತ್ತಿದ್ರೆ ಮಗ ಬರ್ತಾನೋ ಅದನ್ನ ಒತ್ತಿದ್ರು. ನಾನು ಹೇಳಿದ್ರೆ ನಂಬಲಿಲ್ಲ ಇವನು.”

ಹಿಂದೆ ಹೆಜ್ಜೆಯ ಸದ್ದು ನಿಂತಿತು. ಮೇಸ್ತ್ರಿ ಓಣಿಯ ನಡುವೆ ಗೋಡೆಗೆ ಕೈ ಕೊಟ್ಟು ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವನ ಮುಖ ನೋಡಿದರೆ ಎಲ್ಲ ಕೇಳಿಸಿಕೊಂಡಿದ್ದು, ಈ ಸಲ ನಂಬಿದ್ದು ತಿಳಿಯುತ್ತಿತ್ತು.

ಅಕ್ಕ ಅವನನ್ನು ದಾಟಿ ಹೋಗುವಾಗ ಅವನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟಳು.

ಲಿಫ್ಟು ಬಂತು. ಅವಳು ಒಳಗೆ ಹೋದಳು. ಬಾಗಿಲು ಮುಚ್ಚುವ ಮೊದಲು ಅವನೂ ನುಗ್ಗಿ, ಬಾಗಿಲು ತಡೆಯುವ ಗುಂಡಿಯನ್ನು ಒತ್ತಿ ಹಿಡಿದ.

“ಜಗಳ ಮುಗಿದಿಲ್ಲ” ಎಂದ. ಈ ಸಲ ಪದಗಳನ್ನು ಬಿಡಿಸಿ ಬಿಡಿಸಿ ಹೇಳಲಿಲ್ಲ. ಬರೆಯುವಾಗ ಹೇಗೆ ಜಗಳಕ್ಕೆ ಬರುತ್ತಿದ್ದನೋ ಹಾಗೇ ಬಂದ.

ಅವಳು ಟ್ಯಾಬು ತೆಗೆದಳು. ಅವನ ಕಣ್ಣು ಪರದೆಯ ಕಡೆ ಹೊರಳಿತು. ಹೊರಳಿದ್ದು ಅವನಿಗೇ ತಿಳಿದು, ಮುಖವನ್ನು ಓಣಿಯ ಕಡೆ ತಿರುಗಿಸಿಕೊಂಡ. ಹೇಳುವ ಮೊದಲೇ ಅವಳ ಮಾತನ್ನು ಓದದೆ ನಿಂತವರು ಇಷ್ಟು ದಿನದಲ್ಲಿ ಯಾರೂ ಇರಲಿಲ್ಲ.

ಅವಳು ಬರೆದಳು. ಬಾಗಿಲನ್ನು ಹೆಚ್ಚು ಹೊತ್ತು ತಡೆದದ್ದಕ್ಕೆ ಲಿಫ್ಟು ಕೀಂಯ್ ಎಂದು ಗಂಟೆ ಹೊಡೆಯತೊಡಗಿತು. ಕೆಳಗಿನಿಂದ ಯಾರೋ, “ಲಿಫ್ಟ್ ಬಿಡ್ರೀ ಮೇಲಿನೋರು” ಎಂದು ಕೂಗಿದರು. ಅವನ ಹೆಬ್ಬೆರಳು ಉಗುರು ಬಿಳುಪೇರುವಷ್ಟು ಗಟ್ಟಿಯಾಗಿ ಅಲ್ಲೇ ಇತ್ತು.

“ಪಾಪ ಅಂತ ಕೊಟ್ಟ ಗುಂಡಿ ನನಗೆ ಬೇಡ. ನಿಮಗೆ ಬೇಡ ಅನ್ನಿಸಿದ್ರೆ ಬೇಡ ಅನ್ನಿ.”

“ಗುಂಡಿ ಬೇಕು. ಅದು ಈಗ ಗೊತ್ತಾಯ್ತು” ಎಂದ, ಇನ್ನೂ ಓಣಿಯನ್ನೇ ನೋಡುತ್ತ. “ಆದ್ರೆ ನೀವಿಟ್ಟ ಜಾಗ ತಪ್ಪು. ಅದು ನೋವಿನ ಗುಂಡಿಗೆ ಅಂಟಿಕೊಂಡಿದೆ. ಕೈ ನಡುಗೋರು ನೋವು ಅನ್ನೋಕೆ ಹೋಗಿ ತಡೀರಿ ಅಂದ್ರೆ? ಎಲ್ರೂ ಸುಮ್ಮನೆ ನಿಂತ್ಕೊಂಡು ನೋಡ್ತಾರೆ ಅಷ್ಟೇ.”

ಅವಳು ಯೋಚಿಸಿದಳು. ಅವನು ಹೇಳಿದ್ದು ಸರಿಯಾಗಿತ್ತು. ತಪ್ಪು ತನ್ನದೇ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದ ಹಾಗಾಯಿತು.

“ಎಡಗಡೆ ಇಡ್ತೀನಿ” ಎಂದಳು.

“ಬಣ್ಣಾನೂ ಚೆನ್ನಾಗಿಲ್ಲ.”

“ಬಣ್ಣದ ವಿಷಯಕ್ಕೆ ಬರಬೇಡಿ. ನಿಮ್ಮ ಲೋಟ ಇವತ್ತಿಗೂ ಹೂದಾನಿ ಹಾಗೇ ಇದೆ.”

ಸೊಟ್ಟ ನಗು ಅರ್ಧ ಬಂತು. ಅಲ್ಲಿಗೇ ನಿಂತಿತು. “ನೀರಿನ ಗುಂಡಿ ಪಕ್ಕ ಇನ್ನೊಂದು ಬೇಕು” ಎಂದ. “ಬಾ, ಇಲ್ಲಿ ಕೂತ್ಕೋ, ಅಂತ. ಬರೆದುಕೊಡ್ತೀರಾ, ಚಿತ್ರ?”

ಅವಳು ತಲೆ ಆಡಿಸಿದಳು. ಅವನು ನೋಡುತ್ತಿಲ್ಲವೆಂದು ನೆನಪಾಗಿ, ಅವನ ತೋಳನ್ನು ಮೆಲ್ಲಗೆ ಮುಟ್ಟಿದಳು. ಮಡಚದ ತೋಳು ಅದು. ಕೈ ಅಲ್ಲೇ ಸ್ವಲ್ಪ ಹೊತ್ತು ಉಳಿಯಿತು.

ಆಮೇಲೆ ಮತ್ತೆ ಬರೆದಳು. “ಇನ್ನೊಂದು ಮಾತಿದೆ. ಅದನ್ನ ನಿಮ್ಮಕ್ಕನ ದನೀಲಿ ಹೇಳೋಕಾಗಲ್ಲ.”

ಅವನು ತಿರುಗಿದ. ಅವಳು ದನಿಯನ್ನು ಪೂರ್ತಿ ಇಳಿಸಿ, ಬರೆದು ಮುಗಿಸಿ, ಟ್ಯಾಬನ್ನು ತಾನಾಗಿ ಅವನ ಕಡೆ ತಿರುಗಿಸಿದಳು. ಕಣ್ಣನ್ನು ಮಾತ್ರ ಎತ್ತಲಾಗಲಿಲ್ಲ.

‘ನಿಮ್ಮ ಹೆಸರಿನ ಪಕ್ಕದ ಹಸಿರು ಚುಕ್ಕಿ ಹೊತ್ತೋದನ್ನ ಕಾಯ್ತಾ ಸಂಜೆ ಕಳೀತೀನಿ. ಗುಂಡಿ ಒಂದು ನೆಪ. ನಿಮ್ಮ ಹತ್ರ ಕೂತ್ಕೋಬೇಕು ಅಂತ ಇಷ್ಟೆಲ್ಲ ಒತ್ತಿದೆ.’

ಅವನು ಓದಿದ. ಮತ್ತೆ ಮೊದಲಿನಿಂದ ಓದಿದ.

“ಬಾಯಲ್ಲಿ ಹೇಳಿದ್ರೆ ನನಗೆ ಸಲೀಸು. ನೀವು ಇಷ್ಟು ಕಷ್ಟಪಟ್ಟು ಹೇಳಿದ್ದಕ್ಕೆ ಅದು ಸಮ ಆಗಲ್ಲ” ಎಂದು, ಜೇಬಿನಿಂದ ತನ್ನ ಫೋನು ತೆಗೆದು ಹಲಗೆಯನ್ನು ತೆರೆದ. ಗುಂಡಿಗಳ ಮೇಲೆಲ್ಲ ಬೆರಳಾಡಿಸಿ ಹುಡುಕಿದ. ನೀರು, ನೋವು, ಹಸಿವು, ಮಗ್ಗುಲು. ಅವನೇ ಕಟ್ಟಿದ ಪರದೆಯಲ್ಲಿ ಅವನಿಗೆ ಬೇಕಾದದ್ದು ಇರಲಿಲ್ಲ. ಕೆಳಗಿನ ಅಕ್ಷರಗಳಿಗೆ ಹೋದ. ಅದಕ್ಕೆ ಎರಡು ಕೈಯೂ ಬೇಕಾಯಿತು.

ಬಾಗಿಲು ಮುಚ್ಚತೊಡಗಿತು. ಅವಳು ಕೈ ಚಾಚಿ ಗುಂಡಿಯನ್ನು ಒತ್ತಿ ಹಿಡಿದಳು. ಮುಖವನ್ನು ಓಣಿಯ ಕಡೆ ತಿರುಗಿಸಿಕೊಂಡಳು.

ಬೆನ್ನ ಹಿಂದೆ ಅವನ ಬೆರಳುಗಳು ತಡವರಿಸುವುದು ಕೇಳಿಸುತ್ತಿತ್ತು. ಒಂದು ಅಕ್ಷರ, ಮತ್ತೊಂದು. ಆಮೇಲೆ ಅಷ್ಟುದ್ದ ಉಸಿರು, ಒಂದು ತಡೆ.

“ನನಗೆ ನೀರು ಬೇಕು” ಎಂದಿತು ಅಕ್ಕನ ದನಿ.

ಅವಳ ಹೆಗಲು ಕುಣಿಯಿತು. ಸದ್ದಿಲ್ಲದ ನಗು. ಹಿಂದೆ ಅವನೂ ನಗುತ್ತಿದ್ದ, ನಗುವಿನ ನಡುವೆ ಮೂಗು ಒರೆಸಿಕೊಳ್ಳುತ್ತಿದ್ದ. ಸಭೆಯ ಕಡೆಯಿಂದ ನಿಜವಾದ ಅಕ್ಕ ಕೇಳಿದಳು: “ಯಾರಿಗೋ ನೀರು? ತರಲಾ?”

“ಬೇಡಕ್ಕ” ಎಂದ ಅವನು.

ಅವನು ಅಳಿಸಿ ಮೊದಲಿನಿಂದ ಶುರು ಮಾಡಿದ. ಗಂಟೆ ಹೊಡೆಯುತ್ತಲೇ ಇತ್ತು. ಕೆಳಗಿನವರು ಬೈದುಕೊಂಡು ಮೆಟ್ಟಿಲು ಹತ್ತುವ ಸದ್ದು ಬಂತು. ಅವನು ಏನು ಬರೆಯುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಕೊನೆಯ ಪದವೂ ಗೊತ್ತಿತ್ತು.

ಆದರೂ ಅವಳು ತಿರುಗಲಿಲ್ಲ. ಹೆಬ್ಬೆರಳನ್ನು ಗುಂಡಿಯ ಮೇಲೆ ಒತ್ತಿ ಹಿಡಿದು, ಅವನ ವಾಕ್ಯ ಮುಗಿಯಲಿ ಎಂದು ನಿಂತಳು.